ಮೆಕ್ಯಾನಿಕ್ ಅಣ್ಣನನ್ನು ಕೇಳಿ: 44ಕ್ಕೆ ಇಂಜೆಕ್ಷನ್ ಗಾಡಿ ಕಲಿಯೋದಾ, ಅಂಗಡಿ ಮುಚ್ಚೋದಾ?

ಪ್ರಶ್ನೆ (ಮಂಡ್ಯ, ಸ್ವಂತ ಗ್ಯಾರೇಜು): ಅಣ್ಣ, ನಮಸ್ಕಾರ. ನನಗೆ 44 ವರ್ಷ. ಮಂಡ್ಯದಲ್ಲಿ ಟೂ ವೀಲರ್ ಗ್ಯಾರೇಜು ಇಟ್ಟು 22 ವರ್ಷ ಆಯಿತು. ಕಾರ್ಬುರೇಟರ್ ಗಾಡಿ ಯಾವುದೇ ಇರಲಿ, ಬೀದಿ ಕೊನೆಯಲ್ಲಿ ಬರುತ್ತಿರುವಾಗಲೇ ಸೌಂಡ್ ಕೇಳಿ ಏನಾಗಿದೆ ಅಂತ ಹೇಳುತ್ತೇನೆ. ಬಿಎಸ್ 6 ಅನ್ನುವ ಹೊಸ ಹೊಗೆ ನಿಯಮ ಬಂದು, ಹೊಸ ಗಾಡಿಗಳು ಹೆಚ್ಚಾಗಿ ಕಾರ್ಬುರೇಟರ್ ಬಿಟ್ಟು ಇಂಜೆಕ್ಷನ್ ಆದಮೇಲೆ ಕಥೆ ಬೇರೆ ಆಗಿದೆ. ಹೋದ ವಾರ ಕೆರಗೋಡು ಕಡೆಯವರು ಒಬ್ಬರು ಹೋಂಡಾ ಗಾಡಿ ತಂದರು, ಮೀಟರಿನಲ್ಲಿ ಇಂಜಿನ್ ತೊಂದರೆ ತೋರಿಸುವ ಹಳದಿ ಲೈಟ್ ಹೋಗುತ್ತಲೇ ಇಲ್ಲ. ಬ್ಯಾಟರಿ ವೈರ್ ಬಿಚ್ಚಿ ಹಾಕಿ ಕಳಿಸಿದೆ. ಮಾರನೇ ದಿನ ಮತ್ತೆ ಬಂತು. ಪ್ಲಗ್ ಬದಲಾಯಿಸಿದೆ, ಮತ್ತೆ ಬಂತು. ಮೂರನೇ ಸಲ ಅವರೇ ಬರಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಫೇಲು, ಇಂಗ್ಲಿಷ್ ಓದಲು ಕಷ್ಟ. ಮಗ ಹೇಳುತ್ತಾನೆ, ಅಂಗಡಿ ಬಾಡಿಗೆಗೆ ಕೊಟ್ಟು ಮನೆಯಲ್ಲಿ ಇರಪ್ಪಾ ಅಂತ. ಈ ವಯಸ್ಸಿಗೆ ಹೊಸದಾಗಿ ಕಲಿತು ಪ್ರಯೋಜನ ಇದೆಯಾ? ಇದ್ದದ್ದು ಇದ್ದ ಹಾಗೆ ಹೇಳಿ.

ಉತ್ತರ (ಮೈಸೂರು, ಮೆಕ್ಯಾನಿಕ್): ನಮಸ್ಕಾರ. ಬಾಡಿಗೆ ಬೋರ್ಡು ಹಾಕುವ ಮೊದಲು ನಮ್ಮ ಮೇಸ್ತ್ರಿ ಕಥೆ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಾನು 1988ರಲ್ಲಿ ಮೈಸೂರಿನ ಒಂದು ಗ್ಯಾರೇಜಿಗೆ ಹುಡುಗನಾಗಿ ಸೇರಿದೆ. ಆಗ ಊರೆಲ್ಲ ಜಾವಾ, ಯೆಜ್ಡಿ, ಎರಡೂ ಟೂ ಸ್ಟ್ರೋಕ್ ಬೈಕು. ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲೇ ಮಾಡುತ್ತಿದ್ದ ಗಾಡಿಗಳು, ಅಂದರೆ ನಮಗೆ ಮನೆ ಮಕ್ಕಳಿದ್ದ ಹಾಗೆ. ನಮ್ಮ ಮೇಸ್ತ್ರಿ ಕಿಡಿ ಕೊಡುವ ಪಾಯಿಂಟಿನ ಗ್ಯಾಪನ್ನು ಸಿಗರೇಟ್ ಪ್ಯಾಕಿನ ಕಾಗದ ತೂರಿಸಿ ನೋಡುತ್ತಿದ್ದರು, ಆಮೇಲೆ ಗೇಜ್ ಇಟ್ಟರೂ ಅಷ್ಟೇ ಬರುತ್ತಿತ್ತು. ಅಂಥ ಕೈ. ಆದರೆ ಫೋರ್ ಸ್ಟ್ರೋಕ್ ಗಾಡಿ ಬಂದರೆ ಮುಟ್ಟುತ್ತಿರಲಿಲ್ಲ. ಹೀರೋ ಹೋಂಡಾ ಸಿಡಿ 100 ಅಂಗಡಿ ಮುಂದೆ ನಿಂತರೆ, "ಹೊಲಿಗೆ ಮಿಷನ್ ರಿಪೇರಿ ಪಕ್ಕದ ಬೀದೀಲಿ" ಅನ್ನುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. 1996ರಲ್ಲಿ ಫ್ಯಾಕ್ಟರಿ ಮುಚ್ಚಿತು. ಅಷ್ಟರಲ್ಲಿ ಸ್ಪ್ಲೆಂಡರ್ ಬಂದು ಎರಡು ವರ್ಷ ಆಗಿತ್ತು. ಇನ್ನು ಏಳೆಂಟು ವರ್ಷ ಮೇಸ್ತ್ರಿ ಹಳೇ ಗಿರಾಕಿಗಳನ್ನು ನಂಬಿಕೊಂಡು ಎಳೆದರು, ಆಮೇಲೆ ಶಟರ್ ಹಾಕಿದರು.

ಫೋರ್ ಸ್ಟ್ರೋಕ್ ಗಾಡಿಯ ಟ್ಯಾಪೆಟ್ ಸೆಟ್ ಮಾಡುವುದು, ಟೈಮಿಂಗ್ ಚೈನ್ ಕೂರಿಸುವುದು ಅವರಿಗೆ ಒಂದು ವಾರದ ಕೆಲಸ. ಕಲಿಯಲು ಆಗಲಿಲ್ಲ ಅಂತ ಅಲ್ಲ. ಇನ್ನೊಬ್ಬರ ಅಂಗಡಿಗೆ ಹೋಗಿ, ತಮಗಿಂತ ಚಿಕ್ಕವನ ಪಕ್ಕ ಕೂತು, "ಇದು ಹೇಗಪ್ಪಾ?" ಅಂತ ಕೇಳಬೇಕಿತ್ತು. ಅದು ಆಗಲಿಲ್ಲ. ಇನ್ನೊಂದು ವಿಚಿತ್ರ ನೋಡಿ. ಈಗ ಜಾವಾ ಗಾಡಿ ಇಟ್ಟವರು ಅದಕ್ಕೆ ಕೇಳಿದಷ್ಟು ದುಡ್ಡು ಕೊಡುತ್ತಾರೆ. ಬೆಂಗಳೂರಿನಿಂದ ಟೆಂಪೋದಲ್ಲಿ ಹಾಕಿಕೊಂಡು ನನ್ನ ಹತ್ತಿರ ತರುತ್ತಾರೆ. ಆ ಕೆಲಸ ನನಗಿಂತ ಹತ್ತು ಪಟ್ಟು ಚೆನ್ನಾಗಿ ಗೊತ್ತಿದ್ದವರು ನಮ್ಮ ಮೇಸ್ತ್ರಿ. ಅವರ ವಿದ್ಯೆ ಹಳತಾಗಿ ಹಾಳಾಗಲಿಲ್ಲ, ನಡುವಿನ ಹದಿನೈದಿಪ್ಪತ್ತು ವರ್ಷ ದಾಟಿಸುವ ದೋಣಿ ಅವರ ಹತ್ತಿರ ಇರಲಿಲ್ಲ ಅಷ್ಟೇ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಬಿಎಸ್ 6 ಬಂದದ್ದು 2020ರ ಏಪ್ರಿಲ್ 1ಕ್ಕೆ. ಅಂದರೆ ಆಗ ತೆಗೆದುಕೊಂಡ ಗಾಡಿಗಳು ಫ್ರೀ ಸರ್ವೀಸ್, ವಾರಂಟಿ ಎಲ್ಲ ಮುಗಿಸಿಕೊಂಡು ಈಗ ನಮ್ಮಂಥವರ ಅಂಗಡಿ ಕಡೆ ಮುಖ ಮಾಡಿವೆ. ಮುಚ್ಚುವುದಕ್ಕೆ ಇದಕ್ಕಿಂತ ಕೆಟ್ಟ ಸಮಯ ಇಲ್ಲ.

ಇಂಜೆಕ್ಷನ್ ಅಂದರೆ ಹೆದರುವಂಥದ್ದು ಏನೂ ಇಲ್ಲ. ಇಂಜಿನ್‌ಗೆ ಬೇಕಾದದ್ದು ಆಗಲೂ ಈಗಲೂ ಅದೇ: ಕಂಪ್ರೆಷನ್, ಕಿಡಿ, ಸರಿಯಾದ ಪೆಟ್ರೋಲು, ಗಾಳಿ. ಮೊದಲು ಪೆಟ್ರೋಲ್ ಎಷ್ಟು ಅಂತ ಕಾರ್ಬುರೇಟರಿನ ಜೆಟ್ಟು ಮತ್ತು ಸೂಜಿ ತೀರ್ಮಾನ ಮಾಡುತ್ತಿದ್ದವು. ಈಗ ಇಸಿಯು, ಅಂದರೆ ಗಾಡಿಯ ಪುಟ್ಟ ಕಂಪ್ಯೂಟರ್, ಮಾಡುತ್ತದೆ. ಅದಕ್ಕೆ ಕಣ್ಣಿಲ್ಲ, ಸೆನ್ಸರ್‌ಗಳು ಹೇಳಿದ್ದನ್ನು ನಂಬುತ್ತದೆ. ಆಕ್ಸಿಲೇಟರ್ ಎಷ್ಟು ತಿರುವಿದ್ದಾರೆ, ಇಂಜಿನ್ ಎಷ್ಟು ಬಿಸಿ ಇದೆ, ಕ್ರ್ಯಾಂಕ್ ಎಲ್ಲಿದೆ, ಸೈಲೆನ್ಸರ್‌ನಲ್ಲಿ ಆಕ್ಸಿಜನ್ ಎಷ್ಟು ಉಳಿದಿದೆ. ಇದನ್ನೆಲ್ಲ ನೋಡಿ ಇಂಜೆಕ್ಟರ್ ಎಷ್ಟು ಹೊತ್ತು ತೆರೆಯಬೇಕು ಅಂತ ಲೆಕ್ಕ ಹಾಕುತ್ತದೆ. ಸೆನ್ಸರ್ ಸುಳ್ಳು ಹೇಳಿದರೆ ಇಸಿಯು ತಪ್ಪು ಮಾಡುತ್ತದೆ. ಯಾಕೆ ಸುಳ್ಳು ಹೇಳಿತು ಅಂತ ಹುಡುಕುವುದೇ ನಮ್ಮ ಕೆಲಸ.

ನಾನೇ ಪೆಟ್ಟು ತಿಂದದ್ದು ಹೇಳುತ್ತೇನೆ. ಒಂದು ಗಾಡಿ, ಮೈಲೇಜ್ ಇಲ್ಲ, ಕಪ್ಪು ಹೊಗೆ. ಇಸಿಯು ಏನು ಹೇಳುತ್ತದೆ ಅಂತ ಓದುವ ಸ್ಕ್ಯಾನರ್ ಹೊಸದಾಗಿ ತಂದಿದ್ದೆ, ಜಂಬ ಬೇರೆ. ಆಕ್ಸಿಜನ್ ಸೆನ್ಸರ್ ರೀಡಿಂಗ್ ಸರಿ ಇಲ್ಲ ಅಂತ ತೋರಿಸಿತು. ಸೆನ್ಸರ್ ತರಿಸಿ ಹಾಕಿದೆ, ಎರಡು ಸಾವಿರದ ಮೇಲೆ ಬಿಲ್ ಆಯಿತು. ಹತ್ತು ದಿನಕ್ಕೆ ಗಾಡಿ ವಾಪಸ್, ಅದೇ ಹೊಗೆ. ನಮ್ಮಲ್ಲಿ ಕೆಲಸ ಕಲಿಯುವ ಹುಡುಗ, ಇನ್ನೂ ಮೀಸೆ ಬಂದಿಲ್ಲ, "ಅಣ್ಣಾ, ಹೆಡ್ ಹತ್ತಿರ ಪುಸು ಪುಸು ಅಂತಿದೆ ಅಲ್ವಾ?" ಅಂದ. ಸೈಲೆನ್ಸರ್ ಗ್ಯಾಸ್ಕೆಟ್ ಲೀಕು. ಆ ಸಂದಿಯಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಂಡಿದೆ, ಸೆನ್ಸರ್ ಆಕ್ಸಿಜನ್ ಜಾಸ್ತಿ ಇದೆ ಅಂತ ತಿಳಿದಿದೆ, ಇಸಿಯು ಪೆಟ್ರೋಲ್ ಸುರಿದಿದೆ. ಸೆನ್ಸರ್ ತಪ್ಪೇ ಇರಲಿಲ್ಲ. ಸೈಲೆನ್ಸರ್ ಗ್ಯಾಸ್ಕೆಟ್ ಲೀಕನ್ನು ನಾನು ಹುಡುಗನಾಗಿದ್ದಾಗಲೇ ಕಿವಿಯಲ್ಲಿ ಹಿಡಿಯುತ್ತಿದ್ದೆ, ಸ್ಕ್ಯಾನರ್ ಕೈಗೆ ಬಂದ ಮೇಲೆ ಕಿವಿ ಮುಚ್ಚಿಕೊಂಡಿದ್ದೆ. ಸೆನ್ಸರ್ ದುಡ್ಡು ಗಿರಾಕಿಗೆ ವಾಪಸ್ ಕೊಟ್ಟೆ, ಅದನ್ನೇ ಫೀಸು ಅಂದುಕೊಂಡೆ.

ನಿಮ್ಮ 22 ವರ್ಷ ಎಲ್ಲೂ ಹೋಗಿಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆ. ಅದರ ಮೇಲೆ ಸ್ವಲ್ಪ ಸೇರಿಸಬೇಕು. ಮೊದಲು ಮಲ್ಟಿಮೀಟರ್. ಸ್ಕ್ಯಾನರ್ ಆಮೇಲೆ ತಗೊಳ್ಳಿ. ವೋಲ್ಟ್ ನೋಡುವುದು, ವೈರ್ ತುಂಡಾಗಿದೆಯಾ ನೋಡುವುದು, ಅರ್ಥ್ ಸರಿಯಾಗಿದೆಯಾ ನೋಡುವುದು, ಈ ಮೂರು ಕೈಗೆ ಹತ್ತಿದರೆ ಅರ್ಧ ಇಂಜೆಕ್ಷನ್ ಗಾಡಿ ಬಗೆಹರಿಯುತ್ತವೆ.

ಇಂಗ್ಲಿಷ್ ವಿಷಯ: ಸರ್ವೀಸ್ ಮ್ಯಾನುವಲ್‌ನಲ್ಲಿ ನಮಗೆ ಬೇಕಾದ ಪದ ಎಲ್ಲ ಸೇರಿ ಐವತ್ತು ಅರವತ್ತು ಇರಬಹುದು. ಒಂದು ನೋಟ್‌ಬುಕ್ ತಗೊಂಡು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಿ, ಪಕ್ಕದಲ್ಲಿ ಆ ಪಾರ್ಟಿನ ಚಿತ್ರ. ಓಪನ್ ಸರ್ಕ್ಯೂಟ್ ಅಂದರೆ ವೈರ್ ಕಟ್, ಶಾರ್ಟ್ ಅಂದರೆ ನಿಮಗೇ ಗೊತ್ತು. ವೈರಿಂಗ್ ಚಿತ್ರ ಓದಲು ವೈರಿನ ಬಣ್ಣ ಸೂಚಿಸುವ ಅಕ್ಷರ ತಿಳಿದರೆ ಸಾಕು. ನನ್ನ ನೋಟ್‌ಬುಕ್ ಗ್ರೀಸ್ ಹಿಡಿದು ದೋಸೆ ಹಂಚಿನ ಹಾಗೆ ಆಗಿದೆ, ಆದರೂ ದಿನಾ ತೆಗೆಯುತ್ತೇನೆ. ವಾರಕ್ಕೆ ಒಂದು ಸಂಜೆ ಶಟರ್ ಅರ್ಧ ಎಳೆದು ಕೂತುಕೊಳ್ಳಿ. ದಿನಾ ಓದುತ್ತೇನೆ ಅಂತ ಶಪಥ ಮಾಡಬೇಡಿ, ಮೂರನೇ ದಿನಕ್ಕೆ ನಿಲ್ಲುತ್ತದೆ.

ಇನ್ನು ಆ ಹೋಂಡಾ. ಅವರನ್ನು ನೀವೇ ಫೋನ್ ಮಾಡಿ ಕರೆಸಿ. ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ, ಹಳದಿ ಲೈಟ್ ಹೇಗೆ ಮಿನುಗುತ್ತದೆ ನೋಡಿ. ಉದ್ದ ಮಿನುಗಿದರೆ ಹತ್ತು, ಚಿಕ್ಕದಾಗಿ ಮಿನುಗಿದರೆ ಒಂದು. ಕೂಡಿಸಿದರೆ ಕೋಡ್, ಅಂದರೆ ತೊಂದರೆ ಎಲ್ಲಿ ಅಂತ ಹೇಳುವ ನಂಬರು. ಕೆಲವು ಮಾಡೆಲ್‌ನಲ್ಲಿ ತಾನಾಗಿ ಮಿನುಗುವುದಿಲ್ಲ, ಕನೆಕ್ಟರ್‌ಗೆ ವೈರ್ ಕೊಡಬೇಕು. ಮ್ಯಾನುವಲ್ ನೋಡದೆ ಆ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ. ಕೋಡ್ ಏನು ಬಂತು ಅಂತ ಇಲ್ಲೇ ಹಾಕಿ.

ಪ್ರತಿಕ್ರಿಯೆ (ಮದ್ದೂರು, ಮೆಕ್ಯಾನಿಕ್): ಅಣ್ಣ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಹಳ್ಳಿಗಳಲ್ಲಿ ಇನ್ನೂ ಹಳೇ ಗಾಡಿಗಳೇ ಜಾಸ್ತಿ. ಕಾರ್ಬುರೇಟರ್ ಗಾಡಿಯಲ್ಲೇ ನನ್ನ ಕಾಲ ಮುಗಿಯುತ್ತದೆ. ಸುಮ್ನೆ ತಲೆ ಯಾಕೆ ಕೆಡಿಸಿಕೊಳ್ಳಬೇಕು?

ಉತ್ತರ: ಬೇಜಾರು ಏನಿಲ್ಲ. ಆದರೆ ಗಾಡಿ ಹಳೆಯದೇ ಇರಬಹುದು, ಅದಕ್ಕೆ ಹಾಕುವ ಪೆಟ್ರೋಲ್ ಹಳೆಯದಾ? ಈಗ ಬಂಕಿನಲ್ಲಿ ಸಿಗುವುದರಲ್ಲಿ ನೂರಕ್ಕೆ 20ರವರೆಗೆ ಎಥೆನಾಲ್. ನಿಮ್ಮ ಕಡೆಯ ಕಬ್ಬೇ ಟ್ಯಾಂಕಿಗೆ ವಾಪಸ್ ಬರುತ್ತಿದೆ ಅನ್ನಿ! ಎಥೆನಾಲ್ ನೀರು ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯ ಟ್ಯಾಂಕ್, ಕಾರ್ಬುರೇಟರ್ ಬೌಲ್ ಬಿಚ್ಚಿ ನೋಡಿ. ಇದಕ್ಕೆಂದು ಮಾಡದ ಹಳೇ ರಬ್ಬರ್ ಪೈಪು, ಓರಿಂಗು ಉಬ್ಬುತ್ತವೆ. "ಎರಡು ಸಲ ಕ್ಲೀನ್ ಮಾಡಿದೆ, ಮತ್ತೆ ಮಿಸ್ಸಿಂಗು" ಅಂತ ಈ ಗುಂಪಿನಲ್ಲೇ ಎಷ್ಟು ಜನ ಬರೆದಿದ್ದಾರೆ. ಹಳೇ ಗಾಡಿಯನ್ನೂ ಹೊಸದಾಗಿ ಕಲಿಯಬೇಕಾಗಿದೆ.

ಆದರೆ ಎಲ್ಲವನ್ನೂ ಕಲಿಯಬೇಕು ಅಂತ ನಾನು ಹೇಳುವುದಿಲ್ಲ. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಯುನಿಟ್ ಬಿಚ್ಚುವ ಕೆಲಸ ನಾನು ಕಲಿತಿಲ್ಲ, ಕಲಿಯುವುದೂ ಇಲ್ಲ. ಬ್ರೇಕ್ ವಿಷಯ, ಒಂದು ತಪ್ಪಾದರೆ ಜೀವ ಹೋಗುತ್ತದೆ. ಅಂಥದ್ದು ಬಂದರೆ ನೇರ ಕಂಪನಿ ಸರ್ವೀಸಿಗೆ ಕಳಿಸುತ್ತೇನೆ. ಯಾವುದನ್ನು ಬಿಡಬೇಕು ಅಂತ ತಿಳಿಯುವಷ್ಟಾದರೂ ಓದಿಕೊಂಡಿರಬೇಕು.

ಪ್ರಶ್ನೆ (ಮೈಸೂರು, ಐಟಿಐ ವಿದ್ಯಾರ್ಥಿ): ಸರ್, ನಾನು ಐಟಿಐ ಕೊನೆ ವರ್ಷ. ಎಲ್ಲರೂ ಇವಿ (ಎಲೆಕ್ಟ್ರಿಕ್ ಗಾಡಿ) ಕಲಿ ಅನ್ನುತ್ತಾರೆ. ಪೆಟ್ರೋಲ್ ಇಂಜಿನ್ ಕಲಿತದ್ದು ವೇಸ್ಟಾ?

ಉತ್ತರ: ವೇಸ್ಟ್ ಅಲ್ಲ ಮರಿ. ಎಲೆಕ್ಟ್ರಿಕ್ ಸ್ಕೂಟರ್‌ಗೂ ಬ್ರೇಕ್, ಬೇರಿಂಗ್, ಫೋರ್ಕ್, ಟೈರ್ ಇವೆ. ನನ್ನ ಹತ್ತಿರ ಬರುವ ಇವಿ ಕಂಪ್ಲೇಂಟಿನಲ್ಲಿ ಜಾಸ್ತಿ ಅವೇ. ಮೋಟರ್ ಕಡೆ ಬಂದರೆ ಮೂರು ದಪ್ಪ ವೈರು, ಜೊತೆಗೆ ಮೋಟರ್ ಎಲ್ಲಿ ತಿರುಗಿ ನಿಂತಿದೆ ಅಂತ ಹೇಳುವ ಹಾಲ್ ಸೆನ್ಸರ್‌ನ ಸಣ್ಣ ವೈರುಗಳು. ಹಾಲ್ ಸೆನ್ಸರ್ ಮಲ್ಟಿಮೀಟರ್‌ನಲ್ಲೇ ಚೆಕ್ ಮಾಡಬಹುದು. ಸ್ಪೀಡ್ ಗಂಟೆಗೆ 25 ಕಿಲೋಮೀಟರ್ ದಾಟದ ಸಣ್ಣ ಸ್ಕೂಟರ್‌ಗಳಲ್ಲಿ ಕೈ ಪಳಗಿಸಿಕೋ. ಲಿಥಿಯಂ ಬ್ಯಾಟರಿ ಪ್ಯಾಕ್ ಮಾತ್ರ ಬಿಚ್ಚಬೇಡ. ವಿಡಿಯೋ ನೋಡಿ ಬಿಚ್ಚುವ ಹುಡುಗರು ಇದ್ದಾರೆ, ಬೆಂಕಿ ಹತ್ತಿದರೆ ನೀನು ಓಡುವಷ್ಟು ಟೈಮ್ ಕೊಡುವುದಿಲ್ಲ. ಅದಕ್ಕೆ ಸರಿಯಾದ ಟ್ರೈನಿಂಗ್ ಬೇಕು. ಐಟಿಐನಲ್ಲೇ ಈಗ ಎಲೆಕ್ಟ್ರಿಕ್ ವಾಹನದ ಟ್ರೇಡ್ ಇದೆ, ನಿಮ್ಮ ಸರ್‌ಗಳನ್ನು ಕೇಳು.

ಇನ್ನೊಂದು. ಸರ್ಟಿಫಿಕೇಟ್ ಬಂದ ದಿನ ಪುಸ್ತಕ ಮಾರಬೇಡ. ನಾನು ಮಾರಿದೆ, ಆಮೇಲೆ ಅದೇ ಪುಸ್ತಕವನ್ನು ಜಾಸ್ತಿ ದುಡ್ಡು ಕೊಟ್ಟು ತಂದೆ.

ಪ್ರಶ್ನೆ (ಶ್ರೀರಂಗಪಟ್ಟಣ, ಗೃಹಿಣಿ): ಅಣ್ಣಾ, ನಮ್ಮ ಮನೆಯವರು ಹದಿನೆಂಟು ವರ್ಷದಿಂದ ಮೆಕ್ಯಾನಿಕ್. ಕೈಯಲ್ಲಿ ಒಂದು ಕಾಗದ ಇಲ್ಲ. ಲೋನ್ ಕೇಳಲು ಹೋದರೆ ಸರ್ಟಿಫಿಕೇಟ್ ಕೇಳುತ್ತಾರೆ. ಈಗ ಮತ್ತೆ ಶಾಲೆಗೆ ಹೋಗಬೇಕಾ?

ಉತ್ತರ: ಬೇಡಮ್ಮ. ಕೆಲಸ ಮಾಡುತ್ತಾ ಕಲಿತವರನ್ನು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವ ವ್ಯವಸ್ಥೆ ಸರ್ಕಾರದ ಕೌಶಲ ಯೋಜನೆಯಲ್ಲಿ ಇದೆ, ಆರ್‌ಪಿಎಲ್ ಅನ್ನುತ್ತಾರೆ. ಜಿಲ್ಲಾ ಕೌಶಲ ಕಚೇರಿಯಲ್ಲಿ ಆ ಹೆಸರು ಹೇಳಿ ಕೇಳಿ. ಮೈಸೂರಿನ ರುಡ್‌ಸೆಟಿ ಅನ್ನುವ ಸ್ವಯಂ ಉದ್ಯೋಗ ತರಬೇತಿ ಸಂಸ್ಥೆಯಲ್ಲಿ ಯಾವ ತರಬೇತಿ ಯಾವಾಗ ಅಂತಲೂ ವಿಚಾರಿಸಿ. ಅಲ್ಲಿ ತರಬೇತಿ, ಊಟ, ವಸತಿ ಉಚಿತ, ಮುಗಿದ ಮೇಲೆ ಬ್ಯಾಂಕ್ ಸಾಲಕ್ಕೂ ದಾರಿ ತೋರಿಸುತ್ತಾರೆ. ದುಡ್ಡು ಕೊಟ್ಟರೆ ಎರಡೇ ದಿನಕ್ಕೆ ಸರ್ಟಿಫಿಕೇಟ್ ಅನ್ನುವವರ ಹತ್ತಿರ ಹೋಗಬೇಡಿ.

ಪ್ರತಿಕ್ರಿಯೆ (ಮಂಡ್ಯ, ಲೆಕ್ಕ ಬರೆಯುವವರು): ನಿಮ್ಮದು ಗಾಡಿ, ನಮ್ಮದು ಲೆಡ್ಜರ್, ಗೋಳು ಮಾತ್ರ ಒಂದೇ. ಸೇಲ್ಸ್ ಟ್ಯಾಕ್ಸ್ ಕಲಿತು ಕೂತಿದ್ದೆ, 2005ರಲ್ಲಿ ವ್ಯಾಟ್ ಬಂತು. ವ್ಯಾಟ್ ಕೈಗೆ ಹತ್ತಿತು ಅನ್ನುವಾಗ 2017ರ ಜುಲೈ 1ಕ್ಕೆ ಜಿಎಸ್‌ಟಿ. ಬೆಲ್ಲದ ವ್ಯಾಪಾರಿಗಳಿಗೆ ತೆರಿಗೆ ಇಲ್ಲ ಅಂತ ಹೇಳಿಕೊಂಡಿದ್ದೆ. 2022ರ ಜುಲೈ 18ರಿಂದ ಲೇಬಲ್ ಹಚ್ಚಿ ಪ್ಯಾಕೆಟ್ ಮಾಡಿದ ಬೆಲ್ಲಕ್ಕೆ 5 ಪರ್ಸೆಂಟ್ ಬಂತು. ಆಲೆಮನೆಯ ಬಿಡಿ ಅಚ್ಚಿಗೆ ಇಲ್ಲ, ಪ್ಯಾಕೆಟ್‌ಗೆ ಇದೆ. ಅದೇ ಬೆಲ್ಲ! ಆ ವಾರ ನಾನು ಓದಿಕೊಳ್ಳದಿದ್ದರೆ ನಾಲ್ಕು ಜನಕ್ಕೆ ನೋಟಿಸ್ ಬರುತ್ತಿತ್ತು.

ಉತ್ತರ: ನಮ್ಮಲ್ಲಿ ಪ್ಲಗ್ ಬದಲಾಯಿಸಿ ನೋಡಬಹುದು ಸಾರ್, ನಿಮ್ಮಲ್ಲಿ ಅದೂ ಇಲ್ಲ.

ಮೊದಲ ಪ್ರಶ್ನೆಯವರು (ಎರಡು ದಿನ ಬಿಟ್ಟು): ಅಣ್ಣ, ಫೋನ್ ಮಾಡಿ ಕರೆಸಿದೆ, ಬಂದರು. ತಾನಾಗಿಯೇ ಮಿನುಗಿತು. ಎರಡು ಉದ್ದ, ಒಂದು ಚಿಕ್ಕದು. 21. ಮಗನ ಕೈಯಲ್ಲಿ ಹುಡುಕಿಸಿದೆ, ಆಕ್ಸಿಜನ್ ಸೆನ್ಸರ್ ಅಂತ ಬಂತು. ನೋಟ್‌ಬುಕ್‌ನಲ್ಲಿ ಮೊದಲ ಪದ ಅದೇ ಬರೆದಿದ್ದೇನೆ. ಸೆನ್ಸರ್ ಆರ್ಡರ್ ಮಾಡಲಾ?

ಉತ್ತರ: ತಡೀರಿ ತಡೀರಿ. ನನ್ನ ಕಥೆ ಓದಿಯೂ ಸೆನ್ಸರ್ ತರಿಸುತ್ತೀರಾ? ಇಂಜಿನ್ ಆರಿದ ಮೇಲೆ ಸೆನ್ಸರ್‌ನ ಕನೆಕ್ಟರ್ ಬಿಚ್ಚಿ, ಒಳಗೆ ಹಸಿರು ಕಿಲುಬು ಇದೆಯಾ ನೋಡಿ. ಅಲ್ಲಿಂದ ಇಸಿಯುವರೆಗೆ ವೈರ್ ಪೂರ್ತಿ ಕೈಯಲ್ಲಿ ಸವರಿಕೊಂಡು ಹೋಗಿ, ಆಮೇಲೆ ಎರಡು ತುದಿಗೆ ಮಲ್ಟಿಮೀಟರ್ ಇಡಿ. ಗಾಡಿಯನ್ನು ರಾತ್ರಿ ಕಬ್ಬಿನ ಗದ್ದೆ ಪಕ್ಕ ನಿಲ್ಲಿಸುತ್ತಾರಾ ಕೇಳಿ. ಇಲಿ ಕಡಿದಿದ್ದರೆ ನಿಮ್ಮ ಖರ್ಚು ಒಂದು ಗೇಣು ವೈರು ಮತ್ತು ಟೇಪು. ಫೋಟೋ ಹಾಕಿ.