ದಮ್ಮಿನ ಪಂಪು: ಡಾಕ್ಟರನ್ನು ಕೇಳಿ, ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಮಧ್ಯಾಹ್ನದಿಂದ ರಾಯಚೂರಿನ ನಮ್ಮ ಎದೆರೋಗದ ಡಾಕ್ಟರ್ ಮೇಡಂ ಗುಂಪಿನಲ್ಲಿ ಇರುತ್ತಾರೆ. ಭತ್ತದ ಕೊಯ್ಲು ಮುಗಿದು ಧೂಳು, ಹೊಗೆ ಜಾಸ್ತಿ ಆಗಿದೆ. ಅದಕ್ಕೇ ಈ ವಿಷಯ: ದಮ್ಮಿಗೆ ದಿನಾ ಎಳೆದುಕೊಳ್ಳುವ ಸ್ಟೀರಾಯ್ಡ್ ಪಂಪು. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಮಾನ್ವಿ ಮೇಷ್ಟ್ರು: ನಮಸ್ಕಾರ ಮೇಡಂ. ನನಗೆ ಎರಡು ಪಂಪು ಬರೆದಿದ್ದಾರೆ, ಸಾಲ್ಬುಟಮಾಲ್ ಒಂದು, ಬುಡೆಸೊನೈಡ್ ಒಂದು. ಮೊದಲನೆಯದು ಎಳೆದ ಕೂಡಲೇ ಆರಾಮ. ಎರಡನೆಯದು ಎಳೆದರೆ ಏನೂ ಗೊತ್ತಾಗುವುದಿಲ್ಲ. ಬಿಟ್ಟರೆ ನಡೆಯುತ್ತಾ?

ಡಾಕ್ಟರ್: ಬಿಡಬೇಡಿ ಸರ್. ಬೇಕಾಗಿರುವುದೇ ಆ ಎರಡನೆಯದು. ಮಾಳಿಗೆ ಸೋರುವಾಗ ಕೆಳಗೆ ಬಕೆಟ್ ಇಡುತ್ತೇವಲ್ಲ, ಸಾಲ್ಬುಟಮಾಲ್ ಅಷ್ಟು ಕೆಲಸ ಮಾಡುತ್ತದೆ. ಬಿಗಿದ ನಾಳ ನಾಲ್ಕೈದು ತಾಸು ಸಡಿಲ. ಬುಡೆಸೊನೈಡ್ ಅಂದರೆ ಮಾಳಿಗೆಗೆ ಮಣ್ಣು ಹಾಕಿಸಿದ ಹಾಗೆ. ನಾಳದ ಒಳಗಿನ ಊತ ಇಳಿಸುತ್ತದೆ. ಅದು ಗೊತ್ತಾಗಲು ದಿನಗಳು, ಕೆಲವರಿಗೆ ವಾರಗಳು ಬೇಕು. ಬರೀ ಸಾಲ್ಬುಟಮಾಲ್ ನೆಚ್ಚಿಕೊಂಡು ಇರಬೇಡಿ ಎಂದು ಜಾಗತಿಕ ಅಸ್ತಮಾ ಮಾರ್ಗಸೂಚಿ 2019ರಿಂದಲೇ ಹೇಳುತ್ತಿದೆ. ಇನ್ನೊಂದು ಮಾತು. ಪಂಪಿನ ಬಣ್ಣ ನೋಡಿ ಗುರುತಿಟ್ಟುಕೊಳ್ಳಬೇಡಿ, ಕಂಪನಿಗೊಂದು ಬಣ್ಣ ಇರುತ್ತದೆ. ಹೆಸರು ಓದಿ.

ಸಿಂಧನೂರು ರೈತ: ಪಂಪು ಒಮ್ಮೆ ಹಿಡಿದರೆ ಚಟ ಆಗುತ್ತಂತೆ, ಹೌದಾ ಮೇಡಂ?

ಡಾಕ್ಟರ್: ಆಗುವುದಿಲ್ಲ. ಬಿಟ್ಟಾಗ ದಮ್ಮು ಮರಳಿ ಬರುವುದು ರೋಗ ಒಳಗೇ ಇರುವುದರಿಂದ. ಪಂಪು ಹಿಡಿದಿದ್ದಕ್ಕಲ್ಲ.

ಲಿಂಗಸುಗೂರು ಅಕ್ಕ: ಮಗನಿಗೆ ಏಳು ವರ್ಷ. ಫ್ಲುಟಿಕಾಸೋನ್ ಕೊಡುತ್ತಿದ್ದೇವೆ. ಸ್ಟೀರಾಯ್ಡ್ ಕೊಟ್ಟರೆ ಹುಡುಗ ಗಿಡ್ಡ ಉಳಿಯುತ್ತಾನೆ ಎಂದು ಅತ್ತೆ ದಿನಾ ಹೇಳುತ್ತಾರೆ.

ಡಾಕ್ಟರ್: ಅತ್ತೆಯ ಮಾತು ಪೂರ್ತಿ ಸುಳ್ಳಲ್ಲ ಅಕ್ಕ. ಎತ್ತರದಲ್ಲಿ ಸುಮಾರು 1 ಸೆಂ.ಮೀ. ವ್ಯತ್ಯಾಸ ಆಗಬಹುದು. ಅದೂ ಹೆಚ್ಚಾಗಿ ಮೊದಲ ವರ್ಷ, ಎರಡು ವರ್ಷದಲ್ಲಿ. ಆಮೇಲೆ ವರ್ಷ ವರ್ಷ ಕೂಡುತ್ತಾ ಹೋಗುವುದಿಲ್ಲ. ರಾತ್ರಿಯೆಲ್ಲ ಕೆಮ್ಮಿ, ನಿದ್ದೆ ಕೆಟ್ಟು, ಪದೇ ಪದೇ ಆಸ್ಪತ್ರೆ ಸೇರುವ ಮಗುವಿನ ಬೆಳವಣಿಗೆಯೂ ಕುಂಠಿತ ಆಗುತ್ತದೆ, ಅದನ್ನೂ ಲೆಕ್ಕ ಹಿಡಿಯಿರಿ. ಆರು ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಗೆರೆ ಎಳೆಯಿರಿ. ಡಾಕ್ಟರಿಗೆ ತೋರಿಸಿ, ದಮ್ಮು ಹಿಡಿತದಲ್ಲಿದ್ದರೆ ಡೋಸು ಇಳಿಸಬಹುದಾ ಕೇಳಿ. ಸ್ಪೇಸರ್ (ಪಂಪಿನ ಬಾಯಿಗೆ ಜೋಡಿಸುವ ಪ್ಲಾಸ್ಟಿಕ್ ಕೊಳವೆ) ಇಲ್ಲದೆ ಕೊಡಬೇಡಿ.

ಕುಷ್ಟಗಿ: ಅಪ್ಪಾಜಿಗೆ ಕ್ಯಾಪ್ಸೂಲ್ ಬರೆದಿದ್ದಾರೆ ಮೇಡಂ. ಮೂರು ವಾರ ಆಯ್ತು, ಊಟ ಆದ ಮೇಲೆ ತಪ್ಪದೆ ನೀರಲ್ಲಿ ನುಂಗುತ್ತಾರೆ. ಒಂದಿಷ್ಟೂ ಗುಣ ಇಲ್ಲ.

ಡಾಕ್ಟರ್: ಅದು ನುಂಗುವ ಕ್ಯಾಪ್ಸೂಲ್ ಅಲ್ಲಪ್ಪ! ಅದರ ಜೊತೆ ಪ್ಲಾಸ್ಟಿಕ್ಕಿನ ಒಂದು ಉಪಕರಣ ಕೊಟ್ಟಿರುತ್ತಾರೆ, ಚೀಲದಲ್ಲಿ ಹುಡುಕಿ. ಅದಕ್ಕೆ ಕ್ಯಾಪ್ಸೂಲ್ ಹಾಕಿ ತಿರುಗಿಸಿದರೆ ಒಡೆದು ಪುಡಿ ಬೀಳುತ್ತದೆ. ಮೊದಲು ಉಸಿರು ಹೊರಗೆ ಬಿಡಬೇಕು, ಆದರೆ ಉಪಕರಣದ ಒಳಗೆ ಊದಬಾರದು, ಪುಡಿ ಒದ್ದೆ ಆಗುತ್ತದೆ. ಆಮೇಲೆ ಜೋರಾಗಿ, ಆಳವಾಗಿ ಎಳೆದು ಹತ್ತು ಎಣಿಸುವ ತನಕ ಹಿಡಿಯಬೇಕು. ಗ್ಯಾಸಿನ ಪಂಪು ಇದಕ್ಕೆ ಉಲ್ಟಾ. ಅಲ್ಲಾಡಿಸಿ, ಒತ್ತುತ್ತಾ ನಿಧಾನವಾಗಿ ಎಳೆಯಬೇಕು. ತಿಂಗಳಿಗೆ ಒಬ್ಬರಾದರೂ ನುಂಗಿಕೊಂಡೇ ಬರುತ್ತಾರೆ. ತಪ್ಪು ಅಪ್ಪಾಜಿಯದಲ್ಲ, ಬರೆದುಕೊಟ್ಟು ತೋರಿಸದೇ ಕಳಿಸಿದವರದು.

ದೇವದುರ್ಗ ಅಣ್ಣ: *ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ.* ಪಂಪು ಎಸೆಯಿರಿ! ಈರುಳ್ಳಿ ರಸ, ಜೇನು, ಎಕ್ಕದ ಹೂವು 21 ದಿನ. ದಮ್ಮು ಬೇರುಸಹಿತ ಮಾಯ. ಹತ್ತು ಜನಕ್ಕೆ ಕಳಿಸಿ.

ಡಾಕ್ಟರ್: ಎಕ್ಕದ ಹಾಲು ವಿಷ. ಕಣ್ಣಿಗೆ ಬಿದ್ದರೆ ಕಣ್ಣು ಹಾಳಾಗುತ್ತದೆ. ಅಡ್ಮಿನ್, ಇದನ್ನು ತೆಗೆಯಿರಿ.

ದೇವದುರ್ಗ ಅಣ್ಣ: ನಮ್ಮ ಅಜ್ಜಂದಿರು ಪಂಪು ಹಿಡಿದಿದ್ದರಾ ಮೇಡಂ? ಪ್ರತಿ ಮೃಗಶಿರಾಕ್ಕೆ ಹೈದರಾಬಾದಿಗೆ ಹೋಗಿ ಮೀನು ಮದ್ದು ನುಂಗಿ ಬರುತ್ತಿದ್ದರು. ಲಕ್ಷಗಟ್ಟಲೆ ಜನ ಹುಚ್ಚರಾ?

ಶಕ್ತಿನಗರ: ಅಣ್ಣ, ನಾನೂ ಮೂರು ವರ್ಷ ನುಂಗಿದ್ದೇನೆ. ಬಾಯಲ್ಲಿ ಮದ್ದು ಇಟ್ಟ ಮರಿ ಮೀನು ಒದ್ದಾಡುತ್ತಾ ಗಂಟಲಲ್ಲಿ ಇಳಿಯುತ್ತೆ. ಮೀನು ಹೋಯ್ತು, ದಮ್ಮು ಉಳಿಯಿತು. ಮೊದಲು ನಿಮ್ಮ ಕಡೆ ಭತ್ತದ ಹುಲ್ಲು ಸುಡುವುದು ನಿಲ್ಲಿಸಿ.

ಸಿಂಧನೂರು ರೈತ: ಹುಲ್ಲಿನ ಹೊಗೆ ವರ್ಷಕ್ಕೆ ಹದಿನೈದು ದಿನ. ನಿಮ್ಮ ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಚಿಮಣಿ 1985ರಿಂದ ಹೊಗೆ ಬಿಡುತ್ತಿದೆ. ಹಾರುಬೂದಿ ಯಾರ ಮನೆ ಮಾಳಿಗೆ ಮೇಲಿದೆ ನೋಡಿಕೊಳ್ಳಿ.

ಶಕ್ತಿನಗರ: ಆ ಕರೆಂಟಿನಲ್ಲೇ ನಿಮ್ಮ ಪಂಪ್‌ಸೆಟ್ ಓಡುವುದು.

ಕಾರಟಗಿ: ಮೇಡಂ ಜಗಳದ ಮಧ್ಯೆ ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮ ಮನೆಯವರು ರೈಸ್ ಮಿಲ್ಲಿನಲ್ಲಿ ಹಮಾಲಿ. ವಯಸ್ಸು 41. ಪಂಪು ಎಳೆಯುತ್ತಿದ್ದರು. ಅದರಲ್ಲಿ ಸ್ಟೀರಾಯ್ಡ್ ಇದೆ, ಕಿಡ್ನಿ ಹೋಗುತ್ತೆ ಎಂದು ಯುಗಾದಿ ಹೊತ್ತಿಗೆ ಫೋನಿಗೆ ಬಂತು, ಬಿಟ್ಟರು. ಒಬ್ಬರು ಬೇರಿನ ಪುಡಿ ಕೊಟ್ಟರು. ದಿನಾ ಎರಡು ಪೊಟ್ಟಣ, ಎಂಟು ತಿಂಗಳು. ಎರಡೇ ದಿನಕ್ಕೆ ದಮ್ಮು ನಿಂತಿತ್ತು. ಹಸಿವು ಜಾಸ್ತಿ ಆಯ್ತು, ಮುಖ ಗುಂಡಗಾಯ್ತು, ಮೈ ತುಂಬಿಕೊಂಡರು ಎಂದು ನಾವು ಖುಷಿಪಟ್ಟೆವು. ಬುಧವಾರ ಪುಡಿ ಮುಗಿಯಿತು. ಕೊಡುವವರು ಊರಲ್ಲಿಲ್ಲ. ಈಗ ಎದ್ದರೆ ತಲೆ ಸುತ್ತು, ವಾಂತಿ, ಮಾತಾಡಲೂ ಶಕ್ತಿ ಇಲ್ಲ. ಹಳೆಯ ಪಂಪು ಮತ್ತೆ ಶುರು ಮಾಡಲಾ?

ಡಾಕ್ಟರ್: ಪಂಪು ಆಮೇಲೆ ನೋಡೋಣ. ಈಗಲೇ 108ಕ್ಕೆ ಫೋನ್ ಮಾಡಿ ಗಂಗಾವತಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಾಳೆ ಅಂತ ಇಟ್ಟುಕೊಳ್ಳಬೇಡಿ. ಅಲ್ಲಿ ಒಂದು ಮಾತು ತಪ್ಪದೆ ಹೇಳಿ: "ಎಂಟು ತಿಂಗಳು ಪುಡಿ ತಿಂದಿದ್ದಾರೆ, ಅದರಲ್ಲಿ ಸ್ಟೀರಾಯ್ಡ್ ಇದ್ದಿರಬಹುದು, ನಾಲ್ಕು ದಿನದಿಂದ ಬಿಟ್ಟಿದ್ದಾರೆ." ಇದನ್ನು ಹೇಳದಿದ್ದರೆ ವಾಂತಿಗೆ ಮಾತ್ರ ಔಷಧಿ ಕೊಟ್ಟು ಕಳಿಸಿಬಿಡಬಹುದು. ಪೊಟ್ಟಣ ಒಂದಾದರೂ ಸಿಕ್ಕರೆ ಒಯ್ಯಿರಿ.

ಕಾರಟಗಿ: ಆಯ್ತು ಮೇಡಂ. ಹೊರಟೆವು.

ಡಾಕ್ಟರ್: ಉಳಿದವರು ಇದನ್ನು ಓದಿ. ಪುಡಿಯಲ್ಲಿ ಏನಿತ್ತು ಎಂದು ಇಲ್ಲಿ ಕೂತು ಪರೀಕ್ಷೆ ಮಾಡಲು ಬರುವುದಿಲ್ಲ. ಆದರೆ ಎರಡೇ ದಿನಕ್ಕೆ ದಮ್ಮು ನಿಲ್ಲಿಸುವ, ಮುಖ ಗುಂಡಗೆ ಮಾಡುವ ಬೇರು ನಾನು ಕಂಡಿಲ್ಲ. ಅದನ್ನು ಮಾಡುವುದು ಸ್ಟೀರಾಯ್ಡ್ ಗುಳಿಗೆ. ಅರೆದು ಪುಡಿಯಲ್ಲಿ ಬೆರೆಸಿ, ಹಳೆ ಪೇಪರಿನಲ್ಲಿ ಕಟ್ಟಿ ಕೊಟ್ಟರೆ ಹೆಸರೂ ಇಲ್ಲ, ಡೋಸೂ ಇಲ್ಲ.

ಕಿಡ್ನಿಯ ತಲೆ ಮೇಲೆ ಸಣ್ಣ ಗ್ರಂಥಿ ಇದೆ. ದೇಹಕ್ಕೆ ಬೇಕಾದ ಸ್ಟೀರಾಯ್ಡ್ ಅದೇ ತಯಾರಿಸುತ್ತದೆ. ಹೊರಗಿನಿಂದ ದಿನಾ ಬಂದು ಬೀಳುತ್ತಿದ್ದರೆ ಅದು ಕೆಲಸ ಬಿಟ್ಟು ಮಲಗುತ್ತದೆ. ತಿಂಗಳುಗಟ್ಟಲೆ ಮಲಗಿದ್ದು ಒಂದೇ ದಿನಕ್ಕೆ ಏಳುವುದಿಲ್ಲ. ಹೊರಗಿನದು ಥಟ್ಟನೆ ನಿಂತರೆ ಬಿಪಿ ಬೀಳುತ್ತದೆ, ಸಕ್ಕರೆ ಬೀಳಬಹುದು, ವಾಂತಿ, ಸುಸ್ತು. ಜೀವವೂ ಹೋಗಬಹುದು. ಆಸ್ಪತ್ರೆಯಲ್ಲಿ ಹೈಡ್ರೋಕಾರ್ಟಿಸೋನ್ ಸೂಜಿ, ಸಲೈನ್ ಕೊಡುತ್ತಾರೆ. ಆಮೇಲೆ ಗುಳಿಗೆಯನ್ನು ಮೆಲ್ಲಗೆ, ವಾರ ತಿಂಗಳ ಲೆಕ್ಕದಲ್ಲಿ ಇಳಿಸುತ್ತಾರೆ.

ಸ್ಟೀರಾಯ್ಡ್ ಎಂದು ಹೆದರಿ ಪಂಪು ಬಿಟ್ಟರು, ತಿಂದದ್ದು ಅದರ ಎಷ್ಟೋ ಪಟ್ಟು ಸ್ಟೀರಾಯ್ಡ್. ಪಂಪಿನ ಒಂದು ಒತ್ತಿಗೆ 200 ಮೈಕ್ರೋಗ್ರಾಂ ಅಂದುಕೊಳ್ಳಿ. 20 ಮಿಲಿಗ್ರಾಂನ ಒಂದು ಗುಳಿಗೆ ಅಂದರೆ 20,000 ಮೈಕ್ರೋಗ್ರಾಂ. ಔಷಧಿ ಬೇರೆ ಬೇರೆ, ಇದು ಬರೀ ತೂಕದ ಲೆಕ್ಕ, ಆದರೂ ಅಂತರ ಕಾಣುತ್ತದೆ ಅಲ್ವಾ? ಪಂಪಿನದು ನೇರ ಶ್ವಾಸನಾಳಕ್ಕೆ, ಗುಳಿಗೆಯದು ಮೈಯೆಲ್ಲ. ಹಾಗಂತ ಜಾಸ್ತಿ ಡೋಸಿನ ಪಂಪನ್ನು ವರ್ಷಗಟ್ಟಲೆ ಎಳೆದವರೂ ತಾವಾಗಿಯೇ ಥಟ್ಟನೆ ಬಿಡಬಾರದು. ಡಾಕ್ಟರ್ ಇಳಿಸಿದಂತೆ ಇಳಿಸಬೇಕು.

ಹೊಸಪೇಟೆ: ನನಗೆ ನಾಲಿಗೆ ಮೇಲೆ ಬಿಳಿ ಪದರು, ದನಿ ಕಟ್ಟಿದೆ. ಪಂಪಿನಿಂದಲೇನಾ?

ಡಾಕ್ಟರ್: ಇರಬಹುದು. ಪ್ರತಿ ಸಲ ಬಾಯಿ ಮುಕ್ಕಳಿಸಿ ಉಗುಳಿ, ನುಂಗಬೇಡಿ. ಸ್ಪೇಸರ್ ಹಚ್ಚಿ. ಬಿಳಿ ಪದರಿಗೆ ಬೇರೆ ಔಷಧಿ ಇದೆ, ತೋರಿಸಿ. ಸ್ಪೇಸರ್ ಸೋಪಿನ ನೀರಲ್ಲಿ ತೊಳೆದು ಹಾಗೇ ಆರಲು ಬಿಡಿ, ಬಟ್ಟೆಯಿಂದ ಒರೆಸಿದರೆ ಔಷಧಿ ಗೋಡೆಗೇ ಅಂಟುತ್ತದೆ.

ಬಳ್ಳಾರಿ: ಸೊಸೆಗೆ ಐದು ತಿಂಗಳು. ಪಂಪು ನಿಲ್ಲಿಸಬೇಕಾ?

ಡಾಕ್ಟರ್: ಬೇಡ. ಗರ್ಭಿಣಿಗೆ ದಮ್ಮು ಕೆರಳುವುದೇ ಮಗುವಿಗೆ ಅಪಾಯ. ಹೆರಿಗೆ ಡಾಕ್ಟರಿಗೂ ಪಂಪು ತೋರಿಸಿ.

ಯಲಬುರ್ಗಾ: ಪಂಪಿನಲ್ಲಿ ಔಷಧಿ ಉಳಿದಿದೆಯಾ ಎಂದು ನೀರಲ್ಲಿ ತೇಲಿಸಿ ನೋಡುತ್ತೇನೆ. ಸರಿನಾ?

ಡಾಕ್ಟರ್: ತಪ್ಪು. ಕೌಂಟರ್ ಇದ್ದರೆ ನೋಡಿ, ಇಲ್ಲದಿದ್ದರೆ ಎಣಿಸಿ. 120 ಒತ್ತು ಇದ್ದರೆ, ದಿನಕ್ಕೆ 4 ಆದರೆ, 30 ದಿನ.

ಮಸ್ಕಿ: ಪಂಪು ಅಭ್ಯಾಸ ಆಗಿಬಿಡುತ್ತಾ ಮೇಡಂ?

ಡಾಕ್ಟರ್: ಮೇಲೆ ಓದಿ.

ಮಸ್ಕಿ: ಅಷ್ಟು ಓದಲು ಟೈಮ್ ಇಲ್ಲ, ಹೌದು ಇಲ್ಲ ಹೇಳಿ.

ಡಾಕ್ಟರ್: ಇಲ್ಲ.

ದೇವದುರ್ಗ ಅಣ್ಣ: ಒಬ್ಬ ಪುಡಿ ಕೊಟ್ಟವನಿಂದ ಎಲ್ಲ ನಾಟಿ ವೈದ್ಯವನ್ನೇ ಕೆಟ್ಟದು ಅನ್ನುತ್ತೀರಲ್ಲ ಮೇಡಂ. ಕಂಪನಿಯವರು ಎಷ್ಟು ಕೊಡುತ್ತಾರೆ?

ಶಕ್ತಿನಗರ: ಅಣ್ಣ, ಆ ಮನುಷ್ಯ ಆಂಬುಲೆನ್ಸಿನಲ್ಲಿದ್ದಾನೆ. ಸ್ವಲ್ಪ ಸುಮ್ನಿರಿ.

ಮಾನ್ವಿ ಮೇಷ್ಟ್ರು: ಜನೌಷಧಿಯಲ್ಲಿ ಸಿಗುವ ಬುಡೆಸೊನೈಡ್ ನಡೆಯುತ್ತಾ ಮೇಡಂ? ಸಂಬಳ ತಡವಾಗಿದೆ.

ಸಿಂಧನೂರು ರೈತ: ಹುಲ್ಲು ಸುಡದೆ ಏನು ಮಾಡಬೇಕು ಎಂದು ಯಾರೂ ಹೇಳಲಿಲ್ಲ.

ಅಡ್ಮಿನ್: ಹುಲ್ಲು, ಚಿಮಣಿ, ಮೀನು ಇನ್ನು ಸಾಕು. ಈರುಳ್ಳಿ ಫಾರ್ವರ್ಡ್ ತೆಗೆದಿದ್ದೇನೆ. ಮತ್ತೆ ಹಾಕಿದರೆ ಗುಂಪಿನಿಂದಲೇ ತೆಗೆಯುತ್ತೇನೆ.

ಕಾರಟಗಿ: ಮೇಡಂ, ತಲುಪಿದೆವು. ಮೇಲಿನ ಬಿಪಿ 80 ಇತ್ತಂತೆ. ನೀವು ಹೇಳಿಕೊಟ್ಟಿದ್ದನ್ನೇ ಹೇಳಿದೆ. ಸೂಜಿ ಕೊಟ್ಟು ಸಲೈನ್ ಹಚ್ಚಿದ್ದಾರೆ. ಈಗ ಕಣ್ಣು ಬಿಟ್ಟು ನೀರು ಕೇಳಿದರು.

ಡಾಕ್ಟರ್: ಒಳ್ಳೆಯದಾಯ್ತು ತಾಯಿ. ಅವರು ಹೇಳುವವರೆಗೂ ಮನೆಗೆ ಕರೆತರಬೇಡಿ. ಪೊಟ್ಟಣ ಸಿಕ್ಕಿತಾ?

ಕಾರಟಗಿ: ಒಂದು ಸಿಕ್ಕಿತು, ಕೊಟ್ಟೆ. ಇನ್ನೊಂದು ದೇವರ ಫೋಟೋ ಹಿಂದೆ ಇದೆಯಂತೆ. ಮಗನಿಗೆ ಮತ್ತೆ ಬೇಕಾಗಬಹುದು ಎಂದು ಅತ್ತೆ ಎತ್ತಿಟ್ಟಿದ್ದಾರೆ.

ಡಾಕ್ಟರ್: ಅದನ್ನೂ ತರಿಸಿ. ಇವತ್ತೇ.