ಸಹಾಯ ಬೇಕು: ಹಿಂದೆ ಅವ್ವ ಕೂತಾಗ ಹಿಂದಿನ ಟೈರಿಗೆ ಗಾಳಿ ಎಷ್ಟಿರಬೇಕು?

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯವನು, ನನ್ನದು 100 ಸಿಸಿ ಬೈಕ್. ಹುಣ್ಣಿಮೆಗೆ ಅವ್ವನನ್ನು ಗಾಣಗಾಪುರಕ್ಕೆ ಕರೆದುಕೊಂಡು ಹೋಗುತ್ತೇನೆ. ಆ ದಿನದ ಬಸ್ಸಿನ ಗದ್ದಲ ಆಕೆಗೆ ಆಗುವುದಿಲ್ಲ.

ಒಬ್ಬನೇ ಓಡಿಸಿದರೆ ಗಾಡಿ ಚೆನ್ನಾಗಿದೆ. ಅವ್ವ ಕೂತರೆ ಹ್ಯಾಂಡಲ್ ಹಗುರಾಗುತ್ತದೆ, ತಿರುವಿನಲ್ಲಿ ಹಿಂಬದಿ ತೇಲಿದ ಹಾಗಾಗುತ್ತದೆ. ಸೀರೆ ಉಟ್ಟು ಎಡಕ್ಕೆ ಕಾಲು ಬಿಟ್ಟು ಕೂರುತ್ತಾಳೆ. ಎರಡೂ ಕಡೆ ಕಾಲು ಹಾಕು ಅಂದರೆ "ಈ ವಯಸ್ಸಿನ್ಯಾಗ ಮಂದಿ ನಗಬೇಕೇನು?" ಅಂತಾಳೆ. ಆ ಮಾತು ಅಲ್ಲಿಗೇ ಮುಗಿಯಿತು. ಹೆಲ್ಮೆಟ್‌ಗೆ ಒಪ್ಪಿಸಿದ್ದೇ ದೊಡ್ಡದು! ಸೀರೆ ಗಾರ್ಡ್ ಗಟ್ಟಿಯಾಗಿದೆ, ಸೆರಗನ್ನೂ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ.

ಮೆಕ್ಯಾನಿಕ್ ವೀಲ್ ಬೇರಿಂಗ್, ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಬುಶ್ ನೋಡಿದರು, ಎಲ್ಲೂ ಸಡಿಲ ಇಲ್ಲ. ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ಒಂದೊಂದು ಹಂತ ಬಿಗಿ ಮಾಡಿಕೊಟ್ಟರು. ಗುಂಡಿಯಲ್ಲಿ ತಳ ಹೊಡೆಯುವುದು ನಿಂತಿತು. ತೇಲುವುದು ನಿಂತಿಲ್ಲ.

ಗೊಂದಲ ಇರುವುದು ಗಾಳಿಯಲ್ಲಿ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಹಿಂದಿನ ಟೈರಿಗೆ ಒಬ್ಬರಿದ್ದರೆ 28, ಇಬ್ಬರಿದ್ದರೆ 41 ಪಿಎಸ್‌ಐ ಅಂತಿದೆ. ಪಂಕ್ಚರ್ ಅಂಗಡಿಯವರು "ನಮ್ಮ ಕಡೆ ಬಿಸಿಲಿಗೆ 41 ಹಾಕಿದ್ರ ಟೈರ್ ಒಡಿತದ" ಅಂತ 30ಕ್ಕೇ ನಿಲ್ಲಿಸುತ್ತಾರೆ. ಆದರೆ ಭಾರ ಹೊತ್ತಾಗ ಗಾಳಿ ಕಡಿಮೆ ಇದ್ದರೇ ಟೈರ್ ಮಡಚಿ ಮಡಚಿ ಜಾಸ್ತಿ ಬಿಸಿಯಾಗುತ್ತದೆ, ಅಲ್ವಾ? ಅಂಗಡಿಯವರು ನಾನು ಓಡಿಸಿ ತಂದ ಬಿಸಿ ಟೈರಿಗೇ ಅಳತೆ ಹಿಡಿಯುತ್ತಾರೆ, ಬಿಸಿಗೆ ಅಳತೆ ಜಾಸ್ತಿ ತೋರಿಸುತ್ತದೆ, ಅದು ಬೇರೆ.

ಒಂದು ಕಡೆ ಕಾಲು ಹಾಕಿ ಕೂರುವವರನ್ನು ಕರೆದೊಯ್ಯುವವರು ಹೇಳಿ: ಬೇಸಿಗೆಯಲ್ಲೂ ಬೆಳಿಗ್ಗೆ ತಣ್ಣಗಿರುವ ಟೈರಿಗೆ 41 ತುಂಬಿಸಬಹುದಾ? ತುಂಬಿಸಿದರೆ ಈ ತೇಲುವುದು ನಿಲ್ಲುತ್ತದಾ, ಅಥವಾ ಅದು ಕೂರುವ ರೀತಿಯಿಂದಲೇ ಬರುತ್ತಿದೆಯಾ?