ಒಡೆದದ್ದು, ಮುರಿದದ್ದು, ಹರಿದದ್ದು: ಎಲ್ಲದಕ್ಕೂ ‘ಬ್ರೋಕನ್’ ಸಾಕಾ?

ಪ್ರಶ್ನೆ: ಕೆಲಸದಲ್ಲಿ ದಿನಾ ಇಂಗ್ಲಿಷಿನಲ್ಲಿ ಮೇಲ್ ಬರೆಯಬೇಕು. ಏನು ಹಾಳಾದರೂ ನನಗೆ ತಕ್ಷಣ ಹೊಳೆಯುವುದು ಎರಡೇ ಪದ, ಬ್ರೋಕನ್ ಮತ್ತು ಡ್ಯಾಮೇಜ್ಡ್. ಫೋನ್ ಪರದೆಗೂ ಅದೇ, ಬಟ್ಟೆಗೂ ಅದೇ, ನೊಂದ ಮನುಷ್ಯರಿಗೂ ಅದೇ. ಪದಗಳ ಪಟ್ಟಿ ಬಾಯಿಪಾಠ ಮಾಡಿ ನೋಡಿದೆ, ನಿಲ್ಲುತ್ತಿಲ್ಲ. ನೀವೆಲ್ಲ ಹೇಗೆ ಕಲಿತಿರಿ? ಅನುಭವ ಇದ್ದವರು ಹೇಳಿ.

ಉತ್ತರ 1: ನನ್ನ ಕೆಲಸವೇ ಇದು. ಪೆಟ್ಟಿಗೆಯಲ್ಲಿ ಬಂದ ಸಾಮಾನನ್ನು ಬಿಚ್ಚಿ ನೋಡಿ, ಏನೇನು ಕೆಟ್ಟಿದೆ ಅಂತ ಇಂಗ್ಲಿಷಿನಲ್ಲಿ ವರದಿ ಬರೆಯುವುದು. ಪಟ್ಟಿ ಬಿಡಿ. ವಸ್ತುವನ್ನು ನೋಡಿ ಎರಡು ವಿಷಯ ಕೇಳಿಕೊಳ್ಳಿ. ಇದು ಯಾವುದರಿಂದ ಮಾಡಿದ್ದು? ಪೆಟ್ಟು ಬಿದ್ದ ಮೇಲೆ ಈಗ ಹೇಗಿದೆ? ಕನ್ನಡದಲ್ಲಿ ನಾವು ಇದನ್ನು ಯೋಚನೆ ಮಾಡದೆಯೇ ಮಾಡುತ್ತೇವೆ ಅಲ್ವಾ? ಗಾಜು ಒಡೆಯುತ್ತದೆ, ಕಡ್ಡಿ ಮುರಿಯುತ್ತದೆ, ಬಟ್ಟೆ ಹರಿಯುತ್ತದೆ. ‘ಬಟ್ಟೆ ಮುರಿಯಿತು’ ಅಂತ ಮಕ್ಕಳೂ ಹೇಳುವುದಿಲ್ಲ. ಆ ಅಂದಾಜು ನಿಮಗೆ ಆಗಲೇ ಇದೆ, ಅದನ್ನೇ ಇಂಗ್ಲಿಷಿಗೂ ಬಳಸಿಕೊಳ್ಳಿ.

ಒಂದು ಪಿಂಗಾಣಿ ಕಪ್ ತೆಗೆದುಕೊಳ್ಳಿ. ಅಂಚಿನಲ್ಲಿ ಸಣ್ಣ ಚೂರು ಹಾರಿದೆ, ತುಟಿ ಇಟ್ಟರೆ ಚುಚ್ಚುತ್ತದೆ. ಅದು ಚಿಪ್ಡ್. ಮೈಮೇಲೆ ಕೂದಲಿನಷ್ಟು ತೆಳುವಾದ ಗೆರೆ ಇದೆ, ಉಗುರು ಆಡಿಸಿದರೆ ತಗುಲುತ್ತದೆ, ಆದರೆ ಕಪ್ ಇನ್ನೂ ಒಂದೇ ತುಂಡಾಗಿದೆ. ಅದು ಕ್ರ್ಯಾಕ್ಡ್. ಹಿಡಿ ಮುರಿದು ಕೈಗೆ ಬಂದರೆ ಹಿಡಿಗೆ ಮಾತ್ರ ಬ್ರೋಕನ್ ಆಫ್. ಪೆಟ್ಟಿಗೆ ತೆರೆದ ಕೂಡಲೇ ಬರೀ ಚೂರುಗಳೇ ಕಂಡರೆ ಶ್ಯಾಟರ್ಡ್. ನಾಲ್ಕಕ್ಕೂ ಬ್ರೋಕನ್ ಅಂತ ಬರೆದರೆ ಪೂರ್ತಿ ತಪ್ಪೇನಲ್ಲ. ಆದರೆ ಓದುವವರು ಕಪ್ ನೋಡಿಲ್ಲ. ವಾಪಸ್ ತರಿಸಬೇಕಾ, ಹೊಸದು ಕಳಿಸಬೇಕಾ ಅಂತ ಅವರು ತೀರ್ಮಾನ ಮಾಡುವುದು ನೀವು ಬರೆದ ಆ ಒಂದು ಪದದ ಮೇಲೆ.

ಉಳಿದದ್ದು ಬೇಗ ಹೇಳುತ್ತೇನೆ. ಲೋಹ ತಗ್ಗಾದರೆ ಡೆಂಟೆಡ್, ಬಾಗಿದರೆ ಬೆಂಟ್. ಬರೀ ಗೀರು ಬಿದ್ದರೆ ಸ್ಕ್ರ್ಯಾಚ್ಡ್. ಮರದ ಹಲಗೆ ತೇವ ಕುಡಿದು ಸೊಟ್ಟಗಾದರೆ ವಾರ್ಪ್ಡ್. ಪೆನ್ಸಿಲ್, ಕಡ್ಡಿ, ಬ್ಯಾಗಿನ ಪಟ್ಟಿ ಪಟ್ ಅಂತ ಎರಡಾದರೆ ಸ್ನ್ಯಾಪ್ಡ್. ಒಳಗಿನ ಒತ್ತಡಕ್ಕೆ ಒಡೆದ ಪೈಪು, ಟೈರು, ಬಲೂನಿಗೆ ಬರ್ಸ್ಟ್. ಹೊರಗಿನ ಭಾರಕ್ಕೆ ನುಜ್ಜುಗುಜ್ಜಾದ ರಟ್ಟಿನ ಪೆಟ್ಟಿಗೆಗೆ ಕ್ರಶ್ಡ್. ಹಗ್ಗದ ತುದಿ ಎಳೆ ಎಳೆಯಾಗಿ ಬಿಟ್ಟುಕೊಂಡಿದ್ದರೆ ಫ್ರೇಡ್. ಯಾರ ತಪ್ಪೂ ಇಲ್ಲದೆ ಬಳಸಿ ಬಳಸಿ ಸವೆದದ್ದು ವೋರ್ನ್ ಔಟ್, ಇದನ್ನು ಡ್ಯಾಮೇಜ್ಡ್ ಅಂತ ಬರೆಯಬೇಡಿ, ಯಾರೋ ಹಾಳು ಮಾಡಿದರು ಅನ್ನುವ ಅರ್ಥ ಬಂದುಬಿಡುತ್ತದೆ.

ಉತ್ತರ 2: ಮೇಲಿನವರು ಹೇಳಿದ್ದು ಸರಿ. ನಾನು ಇಂಗ್ಲಿಷ್ ಪಾಠ ಹೇಳುತ್ತೇನೆ, ಜಾಸ್ತಿ ಜನ ಎಡವುವುದು ಪದದಲ್ಲಲ್ಲ, ವಾಕ್ಯದಲ್ಲಿ. ಬ್ರೇಕ್, ಕ್ರ್ಯಾಕ್, ಸ್ನ್ಯಾಪ್, ಬರ್ಸ್ಟ್, ಶ್ಯಾಟರ್ ಇವೆಲ್ಲ ತಾವಾಗಿಯೇ ಆಗಬಹುದು. ‘ದ ಗ್ಲಾಸ್ ಬ್ರೋಕ್’ ಅಂದರೆ ಗಾಜು ಒಡೆಯಿತು, ಅಷ್ಟೇ. ಡ್ಯಾಮೇಜ್, ಡೆಸ್ಟ್ರಾಯ್, ರೂಯಿನ್, ಡೆಮಾಲಿಶ್ ಹಾಗಲ್ಲ. ಅವಕ್ಕೆ ಯಾರಾದರೂ ಅಥವಾ ಯಾವುದಾದರೂ ಕಾರಣ ಬೇಕು. ‘ದ ಟೇಬಲ್ ಡ್ಯಾಮೇಜ್ಡ್’ ಅಂತ ನಿಲ್ಲಿಸಿದರೆ ಟೇಬಲ್ಲೇ ಬೇರೆ ಏನನ್ನೋ ಹಾಳು ಮಾಡಿದ ಹಾಗೆ ಕೇಳುತ್ತದೆ. ‘ವಾಸ್ ಡ್ಯಾಮೇಜ್ಡ್’ ಅನ್ನಬೇಕು. ನಮ್ಮಲ್ಲಿ ‘ಹಾಳಾಯಿತು’, ‘ಹಾಳು ಮಾಡಿದರು’ ಅಂತ ಎರಡು ಬಗೆ ಇದೆಯಲ್ಲ, ಅದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸುಲಭ. ಕಟ್ಟಡ ತಾನಾಗಿ ಕುಸಿದರೆ ಕೊಲ್ಯಾಪ್ಸ್ಡ್, ಬೇಕೆಂದೇ ಕೆಡವಿದರೆ ಡೆಮಾಲಿಶ್ಡ್. ಇವೆರಡು ಅದಲುಬದಲಾದರೆ ಸುದ್ದಿಯೇ ಬದಲಾಗುತ್ತದೆ.

ಇನ್ನೊಂದು, ಎಷ್ಟು ಹಾಳಾಗಿದೆ ಅನ್ನುವುದು. ಡ್ಯಾಮೇಜ್ಡ್ ಅಂದರೆ ಪೆಟ್ಟಾಗಿದೆ, ರಿಪೇರಿ ಆಗಬಹುದು. ರೂಯಿನ್ಡ್ ಅಂದರೆ ವಸ್ತು ಇದೆ, ಕೆಲಸಕ್ಕೆ ಬಾರದು. ಡೆಸ್ಟ್ರಾಯ್ಡ್ ಅಂದರೆ ಮುಗಿಯಿತು. ಮನುಷ್ಯರಿಗೆ ಡ್ಯಾಮೇಜ್ಡ್ ಬಳಸಬೇಡಿ. ಅಪಘಾತದಲ್ಲಿ ಕಾರು ಡ್ಯಾಮೇಜ್ಡ್, ಜನ ಇಂಜರ್ಡ್. ಡ್ಯಾಮೇಜ್‌ಗೆ ‘ಎಸ್’ ಸೇರಿಸಿ ಡ್ಯಾಮೇಜಸ್ ಅಂದರೆ ಕೋರ್ಟು ಕೊಡಿಸುವ ಪರಿಹಾರದ ಹಣ, ಮೇಲ್‌ನಲ್ಲಿ ಜೋಪಾನ. ಬರ್ಸ್ಟ್ ಯಾವ ಕಾಲದಲ್ಲೂ ಬರ್ಸ್ಟೇ, ಸ್ಪ್ಲಿಟ್ ಕೂಡ ಹಾಗೇ. ಹರಿಯುವುದಕ್ಕೆ ಟೇರ್, ಟೋರ್, ಟೋರ್ನ್. ಅದೇ ಅಕ್ಷರಗಳನ್ನು ಟಿಯರ್ ಅಂತ ಓದಿದರೆ ಕಣ್ಣೀರು.

ಉತ್ತರ 3: ಕಂಪ್ಯೂಟರ್ ಕಡೆಯವರು ಯಾರೂ ಬರೆದಿಲ್ಲ, ನಾನು ಸೇರಿಸುತ್ತೇನೆ. ಆ್ಯಪ್ ಓಡುತ್ತಾ ಓಡುತ್ತಾ ಮುಚ್ಚಿಕೊಂಡರೆ ಕ್ರ್ಯಾಶ್ಡ್. ಹಾಗೇ ನಿಂತುಬಿಟ್ಟರೆ ಫ್ರೋಜನ್. ಸರ್ವರ್ ಸಿಗದಿದ್ದರೆ ಡೌನ್. ಫೈಲ್ ಇದೆ, ತೆರೆಯುತ್ತಿಲ್ಲ ಅಂದರೆ ಕರಪ್ಟೆಡ್. ಬ್ಯಾಟರಿ ಡೆಡ್. ಲಿಂಕಿಗೆ ಮಾತ್ರ ಬ್ರೋಕನ್ನೇ ಸರಿಯಾದ ಪದ. ಸುಮ್ನೆ ‘ನಾಟ್ ವರ್ಕಿಂಗ್’ ಅಂತ ಬರೆದರೆ ಸರಿಪಡಿಸುವವರು ನಾಲ್ಕು ಪ್ರಶ್ನೆ ಕೇಳಿ ವಾಪಸ್ ಬರೆಯುತ್ತಾರೆ.

ಉತ್ತರ 4: ನಾನು ಅನುವಾದ ಮಾಡುವವಳು. ಮನಸ್ಸಿನ ವಿಷಯಕ್ಕೆ ಬಂದರೆ ಕನ್ನಡದ ಪದವನ್ನು ನೇರವಾಗಿ ಇಂಗ್ಲಿಷಿಗೆ ಹಾಕಬೇಡಿ ಅನ್ನುವುದು ನನ್ನ ಮೊದಲ ಮಾತು. ನಮ್ಮ ‘ಒಡೆ’ ಎಲ್ಲೆಲ್ಲಿಗೆ ಹೋಗುತ್ತದೆ ನೋಡಿ. ಹಾಲು ಒಡೆಯುತ್ತದೆ, ಇಂಗ್ಲಿಷಿನಲ್ಲಿ ಅದು ಕರ್ಡಲ್ ಆಗುತ್ತದೆ, ಬ್ರೇಕ್ ಆಗುವುದಿಲ್ಲ. ಮೊಳಕೆ ಒಡೆದರೆ ಸ್ಪ್ರೌಟ್, ಇಲ್ಲಿ ಹಾಳಾಗುವ ಮಾತೇ ಇಲ್ಲ. ಗುಟ್ಟು ಒಡೆದರೆ ಲೀಕ್. ಹಾಗೇ ಅವರ ಬ್ರೇಕ್ ಕೂಡ ನಮ್ಮಲ್ಲಿ ಪ್ರತಿಸಲ ಮುರಿಯುವುದಿಲ್ಲ. ಮಾತಿಗೆ ತಪ್ಪುತ್ತೇವೆ, ಕಾನೂನು ಮೀರುತ್ತೇವೆ, ದಾಖಲೆ ಮಾತ್ರ ಮುರಿಯುತ್ತೇವೆ. ಅವರು ಮೂರಕ್ಕೂ ಬ್ರೇಕ್ ಅನ್ನುತ್ತಾರೆ.

ಆದರೆ ಒಳ್ಳೆಯ ವಿಷಯ ಏನೆಂದರೆ, ಮೊದಲ ಉತ್ತರದಲ್ಲಿ ಹೇಳಿದ ತೂಕ ಮನಸ್ಸಿನ ಮಾತಿಗೂ ಹಾಗೇ ಬರುತ್ತದೆ. ಆತ್ಮವಿಶ್ವಾಸ ಡೆಂಟ್ ಆಯಿತು ಅಂದರೆ ಸ್ವಲ್ಪ ಕುಗ್ಗಿತು, ಶ್ಯಾಟರ್ ಆಯಿತು ಅಂದರೆ ಉಳಿದೇ ಇಲ್ಲ. ಒತ್ತಡದಲ್ಲಿ ಒಬ್ಬರು ಕ್ರ್ಯಾಕ್ ಆದರು ಅಂದರೆ ತಡೆದುಕೊಳ್ಳಲು ಆಗಲಿಲ್ಲ. ಎರಡು ಆಯ್ಕೆಗಳ ನಡುವೆ ಸಿಕ್ಕಿ ಒದ್ದಾಡುವವರು ಟೋರ್ನ್, ಬಟ್ಟೆಯನ್ನು ಎರಡು ಕಡೆಯಿಂದ ಎಳೆದ ಹಾಗೆ. ತಾಳ್ಮೆ ಸವೆಯುತ್ತಾ ಬಂದರೆ ನರ್ವ್ಸ್ ಫ್ರೇಡ್. ಮಾತುಕತೆ ಕೊಲ್ಯಾಪ್ಸ್ ಆಗುತ್ತದೆ ಅಥವಾ ಬ್ರೇಕ್ ಡೌನ್ ಆಗುತ್ತದೆ. ಆಸೆಗೆ ಡ್ಯಾಶ್ಡ್, ಹೆಸರು ಕೆಟ್ಟರೆ ರೂಯಿನ್ಡ್, ಪೂರ್ತಿ ಚಿಂದಿಯಾದರೆ ಇನ್ ಟ್ಯಾಟರ್ಸ್.

ಬ್ರೇಕ್ ಪಕ್ಕದ ಸಣ್ಣ ಪದ ಬಲು ಮುಖ್ಯ. ಬ್ರೋಕ್ ಡೌನ್: ಕಾರು ಆದರೆ ದಾರಿಯಲ್ಲಿ ನಿಂತಿತು, ಮನುಷ್ಯ ಆದರೆ ಬಿಕ್ಕಿ ಅತ್ತರು. ಬ್ರೋಕ್ ಅಪ್ ಅಂದರೆ ಜೋಡಿ ಬೇರೆಯಾಯಿತು. ಬ್ರೋಕ್ ಇನ್ ಅಂದರೆ ಕಳ್ಳರು ನುಗ್ಗಿದರು. ‘ಐ ಆಮ್ ಬ್ರೋಕ್’ ಅಂದರೆ ಕೈಯಲ್ಲಿ ಕಾಸಿಲ್ಲ, ‘ಐ ಆಮ್ ಬ್ರೋಕನ್’ ಅಂದರೆ ಒಳಗೇ ಕುಸಿದಿದ್ದೇನೆ. ಈ ಎರಡರಲ್ಲಿ ಮಾತ್ರ ದಯವಿಟ್ಟು ಗಮನ ಇರಲಿ. ನೊಂದವರು ಹೇಳಿದ್ದನ್ನು ಹಣದ ವಿಷಯ ಅಂತ ತಿಳಿದು ಉತ್ತರ ಕೊಟ್ಟರೆ ಅವರಿಗೆ ಇನ್ನೂ ನೋವಾಗುತ್ತದೆ.

ಉತ್ತರ 5: ನನಗೆ ಪದದ ಬೇರು ಗೊತ್ತಾದರೆ ಮರೆಯುವುದಿಲ್ಲ, ನಿಮಗೂ ಹಾಗಿದ್ದರೆ ಇದು ನೋಡಿ. ಲ್ಯಾಟಿನ್‌ನಲ್ಲಿ ರುಂಪೆರೆ ಅಂದರೆ ಒಡೆಯುವುದು. ರಪ್ಚರ್, ಇಂಟರಪ್ಟ್, ಇರಪ್ಟ್, ಕರಪ್ಟ್ ಎಲ್ಲ ಅಲ್ಲಿಂದಲೇ ಬಂದವು. ಬ್ಯಾಂಕ್‌ರಪ್ಟ್ ಇಟಾಲಿಯನ್‌ನ ಬಾಂಕಾ ರೊತ್ತಾದಿಂದ, ಮುರಿದ ಬೆಂಚು ಅಂತ ಅರ್ಥ. ಹಣದ ವ್ಯಾಪಾರಿಗಳು ಕೂರುತ್ತಿದ್ದದ್ದು ಬೆಂಚಿನ ಮೇಲೆ. ಲ್ಯಾಟಿನ್‌ನಲ್ಲಿ ಒಡೆಯುವುದು ಅನ್ನುವ ಅರ್ಥದ ಇನ್ನೊಂದು ಧಾತು ಫ್ರಾಂಗೆರೆ. ಅದರಿಂದ ಫ್ರ್ಯಾಕ್ಚರ್, ಫ್ರ್ಯಾಗ್ಮೆಂಟ್, ಫ್ರ್ಯಾಕ್ಷನ್, ಪಾರ್ಸೆಲ್ ಮೇಲೆ ಬರೆಯುವ ಫ್ರ್ಯಾಜೈಲ್. ವಂಡಾಲರು 455ರಲ್ಲಿ ರೋಮ್ ನಗರವನ್ನು ಲೂಟಿ ಮಾಡಿದ ಜನ. ಅವರ ಹೆಸರಿನಿಂದ ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, 1794ರಲ್ಲಿ, ಕಲಾಕೃತಿಗಳ ನಾಶವನ್ನು ಖಂಡಿಸುತ್ತಾ ಆ್ಯಬೆ ಗ್ರೆಗ್ವಾರ್ ಎಂಬ ಪಾದ್ರಿ ‘ವ್ಯಾಂಡಲಿಸಂ’ ಪದವನ್ನು ಬಳಕೆಗೆ ತಂದರು. ಹಾಗಾಗಿ ಬೇಕೆಂದೇ ಕೆಡಿಸಿದ ಗೋಡೆ, ಪ್ರತಿಮೆಗಳಿಗೆ ವ್ಯಾಂಡಲೈಸ್ಡ್ ಅನ್ನಬೇಕು, ಗಾಳಿಮಳೆಗೆ ಹಾಳಾದದ್ದಕ್ಕಲ್ಲ. ಡೆಸಿಮೇಟ್ ಅಂದರೆ ರೋಮನ್ ಸೈನ್ಯದಲ್ಲಿ ಹತ್ತರಲ್ಲಿ ಒಬ್ಬನನ್ನು ಕೊಲ್ಲುವ ಶಿಕ್ಷೆ. ಈಗ ಹೆಚ್ಚಿನ ಪಾಲು ನಾಶವಾಯಿತು ಅನ್ನುವ ಅರ್ಥದಲ್ಲೇ ಬರೆಯುತ್ತಾರೆ, ಹಳೇ ಅರ್ಥ ಹಿಡಿದು ಆಕ್ಷೇಪಿಸುವವರೂ ಇದ್ದಾರೆ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರವಾಯಿತು. ಒಂದು ಅನುಮಾನ. ಬ್ರಿಟನ್ನಿನ ಸಹೋದ್ಯೋಗಿಯೊಬ್ಬರು ಬರೆಯುತ್ತಾರೆ, ‘ಲಾಂಗ್ ಡೇ, ಐ ಆಮ್ ಶ್ಯಾಟರ್ಡ್’ ಅಂತ. ಸಮಾಧಾನ ಹೇಳಬೇಕಾ?

ಉತ್ತರ 4ರವರು: ಬೇಡ. ಬ್ರಿಟನ್ನಿನವರ ಆಡುಮಾತಿನಲ್ಲಿ ಹಾಗೆಂದರೆ ತುಂಬಾ ಸುಸ್ತಾಗಿದೆ ಅಂತ. ರೆಕ್ಡ್ ಕೂಡ ಹಾಗೇ ಬಳಸುತ್ತಾರೆ. ‘ಲಾಂಗ್ ಡೇ’ ಅಂತ ಮೊದಲೇ ಇದೆಯಲ್ಲ, ಅದೇ ಗುರುತು. ಅದೇ ಪದ ಸಾವಿನ ಸುದ್ದಿ ಜೊತೆ ಬಂದರೆ ಆಗ ನಿಜವಾಗಿಯೂ ದುಃಖದ ಮಾತು. ‘ಡೆವಸ್ಟೇಟೆಡ್’ ಅಂತ ಬರೆದಿದ್ದರೆ ಸುಸ್ತಿನ ಮಾತಲ್ಲ, ಏನಾಯಿತು ಅಂತ ಆ ಕ್ಷಣವೇ ವಿಚಾರಿಸಿ. ಇವರಿಗೆ ಸದ್ಯಕ್ಕೆ ‘ಗೆಟ್ ಸಮ್ ರೆಸ್ಟ್’ ಅಂತ ಬರೆದರೆ ಸಾಕು.